ವಿಳಾಸ ಮುಗಿದ ಕಚೇರಿ: ಒಂದು ಸಾಗಣೆ ಸಂಸ್ಥೆಯ ನೆಟ್‌ವರ್ಕ್ ವಿಸ್ತರಣೆ

ಹಿನ್ನೆಲೆ

ಸಂಸ್ಥೆ ಸರಕು ಸಾಗಣೆಯದು. ಕರ್ನಾಟಕದ ಒಂದು ಕೈಗಾರಿಕಾ ಪ್ರದೇಶದಲ್ಲಿ ಎರಡು ಮಹಡಿಯ ಕಚೇರಿ, ಅದರ ಬೆನ್ನಿಗೇ ಗೋದಾಮು. ಗುರುತು ಸಿಗಬಾರದೆಂದು ಊರು, ಹೆಸರು, ಉಪಕರಣ ತಯಾರಕರು ಯಾರನ್ನೂ ಇಲ್ಲಿ ಹೇಳುವುದಿಲ್ಲ. ಹೊಸ ಜಾಲಕ್ಕೆ ಕೊಟ್ಟ ಅಂಕಿಗಳನ್ನೂ ಬದಲಿಸಿದ್ದೇನೆ. ಲೆಕ್ಕದ ತರ್ಕ ಮಾತ್ರ ಇದ್ದಂತೆಯೇ ಇದೆ.

ಸುಮಾರು ತೊಂಬತ್ತು ಜನ ಸಿಬ್ಬಂದಿ. ನೆಟ್‌ವರ್ಕ್ ಹಾಕಿಸಿದಾಗ ಇದ್ದವರು ಅದರ ಕಾಲು ಭಾಗ. ಆಗ ಹಾಕಿದವರು ಎಲ್ಲರೂ ಮಾಡುವುದನ್ನೇ ಮಾಡಿದ್ದರು: 192.168.1.0/24, ಅಂದರೆ ಒಟ್ಟು 256 ಐಪಿ ವಿಳಾಸ, ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಒಂದೊಂದು ಬೇಕಾದ ಅಂಕಿ. ಕೊನೆಯ /24 ಜಾಲದ ಗಾತ್ರದ ಗುರುತು; ಆ ಅಂಕಿ ಕಡಿಮೆಯಾದಷ್ಟೂ ಜಾಲ ದೊಡ್ಡದು. ಜಾಲದ ಹೆಸರಿಗೆ ಒಂದು, ಎಲ್ಲರಿಗೂ ಒಟ್ಟಿಗೆ ಕೂಗುವ ಬ್ರಾಡ್‌ಕಾಸ್ಟ್‌ಗೆ ಒಂದು ಹೋದರೆ ಬಳಕೆಗೆ 254. ಇದರಲ್ಲಿ 1 ಗೇಟ್‌ವೇ, ಹೊರಗಿನ ಜಾಲಕ್ಕೆ ಹೋಗುವ ಬಾಗಿಲು. 2ರಿಂದ 50ರವರೆಗೆ ಸರ್ವರ್, ಪ್ರಿಂಟರ್, ಹಾಜರಾತಿಯ ಬಯೋಮೆಟ್ರಿಕ್ ಯಂತ್ರ, ವೈಫೈ ಪೆಟ್ಟಿಗೆಗಳು, ಹೀಗೆ ಕೈಯಲ್ಲೇ ಅಂಕಿ ಬರೆದುಕೊಟ್ಟವು. 231ರಿಂದ 254 ಸಿಸಿಟಿವಿ ಕ್ಯಾಮೆರಾಗಳಿಗೆ. ನಡುವಿನ 51ರಿಂದ 230, ಅಂದರೆ 180 ವಿಳಾಸ, ಡಿಎಚ್‌ಸಿಪಿ ಪೂಲ್. ಕೇಳಿಕೊಂಡು ಬಂದವರಿಗೆ ಸರ್ವರ್ ತಾನಾಗಿ ಹಂಚುವ ಪಾಲು. ಹಂಚುತ್ತಿದ್ದದ್ದು ಒಂದು ವಿಂಡೋಸ್ ಸರ್ವರ್. ಲೀಸ್ ಅವಧಿ, ಅಂದರೆ ಹಂಚಿದ ವಿಳಾಸ ಒಬ್ಬರ ಹೆಸರಿನಲ್ಲಿ ಉಳಿಯುವ ಕಾಲ, ಅದರಲ್ಲಿ ಮೊದಲೇ ಇರುವ ಎಂಟು ದಿನ. ಅದನ್ನು ಯಾರೂ ಮುಟ್ಟಿರಲಿಲ್ಲ.

ತೊಂಬತ್ತು ಜನಕ್ಕೆ 180 ವಿಳಾಸ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿನ ಮಾಲೀಕರಿಗೂ ಹಾಗೇ ಅನ್ನಿಸಿತ್ತು.

ದೂರುಗಳು

"ಸಾರ್, ನೆಟ್ ಇಲ್ಲ" ಎಂಬ ದೂರು ಕೆಲವು ತಿಂಗಳಿಂದ ಬರುತ್ತಿತ್ತು. ಆದರೆ ಅದಕ್ಕೊಂದು ಕ್ರಮ ಇರಲಿಲ್ಲ. ಪಕ್ಕದ ಕುರ್ಚಿಯವರಿಗೆ ನೆಟ್ ಇರುತ್ತಿತ್ತು, ಇವರಿಗೆ ಇರುತ್ತಿರಲಿಲ್ಲ. ಫೋನಿನಲ್ಲಿ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ಸುತ್ತುತ್ತಲೇ ಇರುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 169.254ರಿಂದ ಶುರುವಾಗುವ ವಿಳಾಸ. ಡಿಎಚ್‌ಸಿಪಿಯಿಂದ ಉತ್ತರ ಬಾರದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ಅಂಕಿ ಅದು. ಅದನ್ನು ಹಿಡಿದುಕೊಂಡು ಹೊರಗಿನ ಜಗತ್ತಿಗೆ ಹೋಗಲಾಗದು.

ಯಾರಿಗೆ ತೊಂದರೆ ಆಗುತ್ತಿತ್ತು ಎಂದು ಹಿಂದಿನಿಂದ ಕೂಡಿಸಿ ನೋಡಿದಾಗ ಒಂದು ಚಿತ್ರ ಮೂಡಿತು. ದಿನಾ ಬರುವವರಿಗೆ ತೊಂದರೆಯೇ ಇರಲಿಲ್ಲ. ಯಂತ್ರ ಆನ್ ಆದಾಗಲೆಲ್ಲ ಅವರ ಲೀಸ್ ನವೀಕರಣ ಆಗುತ್ತಿತ್ತು. ಸಿಕ್ಕಿಬಿದ್ದವರು ಹೊಸದಾಗಿ ಸೇರಿದವರು, ಎಂಟು ದಿನಕ್ಕಿಂತ ಹೆಚ್ಚು ರಜೆ ಹಾಕಿ ಬಂದವರು, ಮತ್ತು ವರ್ಷದ ಕೊನೆಗೆ ತಮ್ಮದೇ ಲ್ಯಾಪ್‌ಟಾಪ್ ಹಿಡಿದು ಬಂದ ಆಡಿಟರ್ ತಂಡ. ಆಡಿಟರ್‌ಗಳು ಬೆಳಿಗ್ಗೆಯಿಡೀ ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡಿದರು ಎಂಬುದೇ ಮಾಲೀಕರನ್ನು ಎಚ್ಚರಿಸಿದ್ದು. ಸಿಬ್ಬಂದಿಯ ದೂರಿಗೆ ಏಳದವರು ಆಡಿಟರ್ ಮುಖ ನೋಡಿ ಏಳುವುದು ನಮ್ಮಲ್ಲಿ ಹೊಸದೇನಲ್ಲ.

ಮೊದಲು ಮಾಡಿ ನೋಡಿದ್ದು

ನೆಟ್ ಇಲ್ಲ ಎಂದರೆ ಇಂಟರ್ನೆಟ್ ಸೇವೆ ಕೊಡುವವರದೇ ತಪ್ಪು ಎಂಬುದು ಎಲ್ಲ ಕಚೇರಿಗಳ ಮೊದಲ ಊಹೆ. ಇಲ್ಲಿಯೂ 100 ಎಂಬಿಪಿಎಸ್ ಸಂಪರ್ಕವನ್ನು 300ಕ್ಕೆ ಏರಿಸಿದರು. ಬಿಲ್ ಏರಿತು, ದೂರು ಇಳಿಯಲಿಲ್ಲ.

ಎರಡನೆಯದು ಅಕೌಂಟ್ಸ್ ವಿಭಾಗದವರ ಸ್ವಂತ ಪರಿಹಾರ. ಅಂಗಡಿಯಿಂದ ಮನೆ ಬಳಕೆಯ ವೈಫೈ ರೂಟರ್ ಒಂದನ್ನು ತಂದು ಮೇಜಿನ ಕೆಳಗೆ ಇಟ್ಟರು. ಅದು ಕಚೇರಿಯ ಜಾಲದಿಂದ ಒಂದೇ ಒಂದು ವಿಳಾಸ ತೆಗೆದುಕೊಂಡು, ತನ್ನ ಹಿಂದೆ 192.168.0.x ಎಂಬ ತನ್ನದೇ ಚಿಕ್ಕ ಜಾಲ ಕಟ್ಟಿಕೊಂಡಿತು. ಅವರ ನಾಲ್ಕು ಲ್ಯಾಪ್‌ಟಾಪ್‌ಗಳಿಗೆ ನೆಟ್ ಸಿಕ್ಕಿತು, ಪ್ರಿಂಟೂ ಬಂತು. ಬಾರದೇ ಹೋದದ್ದು ಸ್ಕ್ಯಾನ್. ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಮಾಡಿದ ಬಿಲ್ಲು ನೇರವಾಗಿ ಲ್ಯಾಪ್‌ಟಾಪ್‌ನ ಫೋಲ್ಡರಿಗೆ ಬೀಳುತ್ತಿದ್ದದ್ದು ನಿಂತುಹೋಯಿತು, ಏಕೆಂದರೆ ರೂಟರಿನ ಒಳಗಿರುವವರು ಹೊರಗೆ ಹೋಗಬಲ್ಲರು, ಹೊರಗಿನವರು ಅವರನ್ನು ಹುಡುಕಿಕೊಂಡು ಒಳಗೆ ಬರಲಾರರು. ಅವರು ಪೆನ್‌ಡ್ರೈವ್ ಹಿಡಿದು ಓಡಾಡಲು ಶುರು ಮಾಡಿದರು, ಯಾರಿಗೂ ಹೇಳಲಿಲ್ಲ. ಈ ರೂಟರ್ ಮುಂದೆ ಮತ್ತೆ ಬರುತ್ತದೆ.

ಮೂರನೆಯದು ನಿಜವಾದ ಪ್ರಯತ್ನ. ಅಲ್ಲಿ ಐಟಿ ನೋಡಿಕೊಳ್ಳುವ ಯುವಕ ಸರ್ವರಿನ ಇವೆಂಟ್ ಲಾಗ್ ತೆರೆದು, ಸ್ಕೋಪಿನಲ್ಲಿ (ಸರ್ವರ್ ಹಂಚುವ ವಿಳಾಸಗಳ ವ್ಯಾಪ್ತಿ) ಹಂಚಲು ವಿಳಾಸವೇ ಉಳಿದಿಲ್ಲ ಎಂಬ 1063ನೇ ಸಂಖ್ಯೆಯ ಸಂದೇಶ ಸಾಲುಸಾಲಾಗಿ ಬಿದ್ದಿದ್ದನ್ನು ಕಂಡ. ರೋಗ ಸರಿಯಾಗಿಯೇ ಹಿಡಿದಿದ್ದ. ಮದ್ದಾಗಿ ಆರಿಸಿಕೊಂಡದ್ದು ಸಬ್‌ನೆಟ್ ಮಾಸ್ಕ್, ಅಂದರೆ ಯಾವ ವಿಳಾಸಗಳು ತನ್ನದೇ ಜಾಲದವು ಎಂದು ಯಂತ್ರಕ್ಕೆ ಹೇಳುವ ಅಂಕಿ, ಹಿಗ್ಗಿಸುವುದು: 255.255.255.0 ಇದ್ದದ್ದನ್ನು 255.255.254.0 ಮಾಡಿದರೆ 254ರ ಬದಲು 510 ವಿಳಾಸ.

ಶನಿವಾರದ ಬದಲಾವಣೆ, ಸೋಮವಾರದ ಬೆಳಿಗ್ಗೆ

ಮಾಸ್ಕ್ ಹಿಗ್ಗಿಸುವುದು ಕೆಟ್ಟ ಉಪಾಯವಲ್ಲ. ಎಲ್ಲ ಯಂತ್ರಗಳೂ ಡಿಎಚ್‌ಸಿಪಿಯಿಂದಲೇ ವಿಳಾಸ ಪಡೆಯುವ ಕಚೇರಿಯಲ್ಲಿ ಇದು ಒಂದು ಸಂಜೆಯ ಕೆಲಸ. ಇಲ್ಲಿ ಏನಾಯಿತೆಂಬುದನ್ನು ತುಸು ನಿಧಾನವಾಗಿ ನೋಡಬೇಕು.

192.168.1.0 ಅನ್ನು /23 (255.255.254.0 ಮಾಸ್ಕಿನ ಚಿಕ್ಕ ಬರಹ) ಮಾಡಿದರೆ 192.168.1 ಮತ್ತು 192.168.2 ಸೇರುತ್ತವೆ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಮಾಸ್ಕಿನಿಂದ ಒಂದು ಬಿಟ್ ಬಿಟ್ಟುಕೊಟ್ಟಾಗ ಮೂರನೇ ಅಂಕಿಯಲ್ಲಿ ಸಮ ಸಂಖ್ಯೆ ಮತ್ತು ಅದರ ಮುಂದಿನ ಬೆಸ ಸಂಖ್ಯೆ ಜೋಡಿಯಾಗುತ್ತವೆ: 0ಗೆ 1, 2ಕ್ಕೆ 3. 1 ಮತ್ತು 2 ಎಂದೂ ಜೋಡಿಯಾಗವು. ಹಾಗಾಗಿ ಹಿಗ್ಗಿದ ಜಾಲ 192.168.0.0ರಿಂದ 192.168.1.255ರವರೆಗೆ. ಯುವಕನಿಗೆ ಇದು ಗೊತ್ತಿತ್ತು. ವಿಂಡೋಸ್ ಡಿಎಚ್‌ಸಿಪಿಯಲ್ಲಿ ಇರುವ ಸ್ಕೋಪಿನ ಮಾಸ್ಕ್ ಬದಲಿಸಲು ಬರುವುದಿಲ್ಲ, ಅಳಿಸಿ ಹೊಸದು ಮಾಡಬೇಕು. ಅದನ್ನೂ ಮಾಡಿದ. ಫೈರ್‌ವಾಲಿನಲ್ಲಿ, ಅಂದರೆ ಜಾಲದ ಸಂಚಾರ ಕಾಯುವ ಯಂತ್ರದಲ್ಲಿ, ಗೇಟ್‌ವೇಯ ಮಾಸ್ಕ್ ತಿದ್ದಿದ. ಶನಿವಾರ ಸಂಜೆ ಇದ್ದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಟರ್ನೆಟ್ ಬಂತು. ಬೀಗ ಹಾಕಿ ಹೋದರು.

ಸೋಮವಾರ ಬೆಳಿಗ್ಗೆ ಮೊದಲು ಬಿದ್ದದ್ದು ಪ್ರಿಂಟರ್. ಅದೂ ಪೂರ್ತಿ ಬೀಳಲಿಲ್ಲ. ಕೆಲವರಿಗೆ ಪ್ರಿಂಟ್ ಬರುತ್ತಿತ್ತು, ಕೆಲವರಿಗೆ "ಆಫ್‌ಲೈನ್". ಹೊಸ ವಿಳಾಸ 192.168.0.57 ಸಿಕ್ಕ ಒಂದು ಪಿಸಿಯನ್ನು ತೆಗೆದುಕೊಳ್ಳಿ. ಅದರ ಮಾಸ್ಕ್ ಹೊಸದು, ಹಾಗಾಗಿ 192.168.1.21ರ ಪ್ರಿಂಟರ್ ತನ್ನದೇ ಜಾಲದಲ್ಲಿದೆ ಎಂದುಕೊಂಡು ನೇರವಾಗಿ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸುತ್ತದೆ. ಅದು ಪ್ರಿಂಟರಿಗೆ ಮುಟ್ಟುತ್ತದೆ ಕೂಡ. ಆದರೆ ಪ್ರಿಂಟರಿನ ಹೊಟ್ಟೆಯಲ್ಲಿ ಎಂದೋ ಕೈಯಲ್ಲಿ ಬರೆದಿಟ್ಟ ಮಾಸ್ಕ್ ಇನ್ನೂ 255.255.255.0. ಅದರ ಕಣ್ಣಿಗೆ 192.168.0.57 ಪರಜಾಲದ ವಿಳಾಸ. ಉತ್ತರವನ್ನು ಗೇಟ್‌ವೇಗೆ ಒಪ್ಪಿಸುತ್ತದೆ. ಗೇಟ್‌ವೇ ಅಲ್ಲಿ ಒಂದು ಫೈರ್‌ವಾಲ್: ಯಾವ ಸಂಭಾಷಣೆಯ ಆರಂಭವನ್ನು ತಾನು ನೋಡಿಲ್ಲವೋ ಅದರ ಉತ್ತರವನ್ನು ಅದು ಬಿಸಾಡುತ್ತದೆ. ಪಿಸಿ ಕಾಯುತ್ತದೆ, ಪ್ರಿಂಟರ್ ಸತ್ತಿದೆ ಎಂದು ತೀರ್ಮಾನಿಸುತ್ತದೆ. 192.168.1ರ ಕಡೆ ವಿಳಾಸ ಸಿಕ್ಕ ಪಕ್ಕದ ಪಿಸಿಗೆ ಇದರ ಬಿಸಿಯೇ ಇಲ್ಲ.

ಬಯೋಮೆಟ್ರಿಕ್ ಯಂತ್ರದ ಕಥೆಯೂ ಇದೇ. ಬೆರಳು ಒತ್ತಿದರೆ "ಧನ್ಯವಾದ" ಎನ್ನುತ್ತಿತ್ತು, ಎಚ್‌ಆರ್ ಮೇಡಂ ಪಿಸಿಗೆ ಮಾತ್ರ ಹಾಜರಾತಿ ಇಳಿಯುತ್ತಿರಲಿಲ್ಲ.

ಅಕೌಂಟ್ಸ್‌ನವರ ರೂಟರ್ ಪೂರ್ತಿ ಕೈಕೊಟ್ಟಿತು. ಅದರ ಒಳಗಿನ ಜಾಲ 192.168.0.x. ಈಗ ಹೊರಗಿನ ಜಾಲವೂ 192.168.0.xಅನ್ನು ನುಂಗಿಕೊಂಡಿದೆ. ಒಳಗೂ ಹೊರಗೂ ಒಂದೇ ಅಂಕಿ ಇದ್ದರೆ ರೂಟರಿಗೆ ದಾರಿ ತೋಚದು. ಈ ರೂಟರ್ ಅಲ್ಲಿದೆ ಎಂಬುದೇ ಐಟಿ ಯುವಕನಿಗೆ ಗೊತ್ತಾದದ್ದು ಆ ಬೆಳಿಗ್ಗೆ. ಜಿಎಸ್‌ಟಿಯ ತಿಂಗಳ ತೆರಿಗೆ ವಿವರ 3ಬಿ ಸಲ್ಲಿಸಲು ತಿಂಗಳ 20 ಕೊನೆಯ ದಿನ, ಅದು ಹತ್ತಿರವಿತ್ತು. ಅಕೌಂಟ್ಸ್ ಮೇಡಂ ನೇರವಾಗಿ ಮಾಲೀಕರ ಕೋಣೆಗೆ ಹೋದರು. ಮಧ್ಯಾಹ್ನದೊಳಗೆ ಎಲ್ಲವನ್ನೂ ಹಳೆಯ ಸ್ಥಿತಿಗೆ ತಂದರು. ಹಿಂದಕ್ಕೆ ಹೋಗುವ ನಿರ್ಧಾರವನ್ನು ಬೇಗ ತೆಗೆದುಕೊಂಡದ್ದು ಆ ದಿನದ ಅತ್ಯಂತ ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಇದ್ದಬದ್ದ ಪ್ರಿಂಟರ್, ಕ್ಯಾಮೆರಾಗಳ ಮಾಸ್ಕನ್ನು ಒಂದೊಂದಾಗಿ ತಿದ್ದುತ್ತಾ ಕೂತಿದ್ದರೆ ವಾರವಿಡೀ ಅದೇ ಆಗುತ್ತಿತ್ತು.

ನನ್ನನ್ನು ಕರೆದದ್ದು ಇದಾದ ಮೇಲೆ.

ಲೀಸ್ ಪಟ್ಟಿ ಹೇಳಿದ್ದು

ನಾನು ಮೊದಲು ಕೇಳಿದ್ದು ಲೀಸ್ ಪಟ್ಟಿ. ಅದನ್ನು ಎಕ್ಸೆಲ್‌ಗೆ ಇಳಿಸಿ ವಿಂಗಡಿಸಿದೆವು. 180ಕ್ಕೆ 180 ಭರ್ತಿ. ಅದರಲ್ಲಿ ತಂತಿ ಹಾಕಿದ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಡಾಕ್, ಐಪಿ ಫೋನ್ ಸೇರಿ 52. ವೈಫೈನಲ್ಲಿರುವ ಲ್ಯಾಪ್‌ಟಾಪ್‌ಗಳು 35. ಮೊಬೈಲ್ ಫೋನ್ 84. ಉಳಿದ 9 ಸಾಲುಗಳಲ್ಲಿ ಯಂತ್ರದ ಹೆಸರಿನ ಜಾಗದಲ್ಲಿ "ಬ್ಯಾಡ್ ಅಡ್ರೆಸ್" ಎಂದಿತ್ತು.

ಈ ಒಂಬತ್ತು ಸುಲಭ. ಕ್ಯಾಮೆರಾ ಹಾಕುವವರು ತಮ್ಮ ಪಾಲಿನ 24 ವಿಳಾಸ ಮುಗಿದಾಗ ಯಾರನ್ನೂ ಕೇಳದೆ 230ರಿಂದ ಕೆಳಗಿಳಿದು 222ರವರೆಗೆ ಬಂದಿದ್ದರು. ಆ ವಿಳಾಸವನ್ನು ಸರ್ವರ್ ಯಾರಿಗೋ ಕೊಡುತ್ತದೆ. ಪಡೆದವರು ಅದು ಆಗಲೇ ಬಳಕೆಯಲ್ಲಿದೆ ಎಂದು ತಿರಸ್ಕರಿಸುತ್ತಾರೆ. ಸರ್ವರ್ ಅದರ ಮೇಲೆ ಕೆಟ್ಟ ವಿಳಾಸ ಎಂಬ ಮುದ್ರೆ ಒತ್ತುತ್ತದೆ.

84 ಫೋನುಗಳದೇ ನಿಜವಾದ ಪತ್ತೆದಾರಿ. ಮ್ಯಾಕ್ ವಿಳಾಸದ, ಅಂದರೆ ಸರ್ವರ್ ಒಂದೊಂದು ಯಂತ್ರವನ್ನು ಗುರುತಿಸುವ ಅಂಕಿಯ, ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ಅಂಕಿಯಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದ ಮೇಲೆ ಫೋನುಗಳು ಖಾಸಗಿತನಕ್ಕಾಗಿ ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ. ಈ ಕಚೇರಿಯಲ್ಲಿ ಕೆಳಮಹಡಿಗೆ ಒಂದು ವೈಫೈ ಹೆಸರು, ಮೇಲ್ಮಹಡಿಗೆ ಇನ್ನೊಂದು, ಎರಡರ ಹಿಂದೆಯೂ ಇದ್ದದ್ದು ಒಂದೇ ಜಾಲ. ಮೆಟ್ಟಿಲು ಹತ್ತಿದ ಫೋನು ಸರ್ವರಿನ ಕಣ್ಣಿಗೆ ಹೊಸ ಫೋನು. ಲ್ಯಾಪ್‌ಟಾಪಿನದೂ ತುಸು ಹಾಗೆಯೇ: ಮೇಜಿನ ಡಾಕ್‌ಗೆ ಸಿಕ್ಕಿಸಿದಾಗ ಒಂದು ವಿಳಾಸ, ಮೀಟಿಂಗಿಗೆ ಎತ್ತಿಕೊಂಡು ಹೋದಾಗ ವೈಫೈಗೆ ಇನ್ನೊಂದು. ಒಬ್ಬ ಮ್ಯಾನೇಜರ್ ನಾಲ್ಕು ವಿಳಾಸ ಹಿಡಿದುಕೊಂಡಿರುವುದು ಹೀಗೆ.

ಇಷ್ಟಾದರೂ ಫೋನುಗಳಲ್ಲಿ ಸುಮಾರು ಅರ್ಧ ಸಿಬ್ಬಂದಿಯದಾಗಿರಲಿಲ್ಲ. ಯಾರವು ಎಂಬುದಕ್ಕೆ ಉತ್ತರ ಗೋದಾಮಿನ ಕಿಟಕಿಯ ಬಳಿ ಸಿಕ್ಕಿತು. ಲಾರಿ ಡ್ರೈವರ್‌ಗಳು ಎಲ್‌ಆರ್ (ಸರಕಿನ ರಸೀದಿ) ಮತ್ತು ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ದಾಖಲೆ) ಪಡೆಯಲು ಅಲ್ಲಿ ನಿಲ್ಲುತ್ತಾರೆ. ದಾಖಲೆಯನ್ನು ಅವರ ವಾಟ್ಸಾಪ್‌ಗೆ ಕಳಿಸುತ್ತಾರೆ. ಗೋದಾಮಿನೊಳಗೆ ಮೊಬೈಲ್ ಸಿಗ್ನಲ್ ಸರಿಯಿಲ್ಲ. ಅದಕ್ಕಾಗಿ ವೈಫೈ ಪಾಸ್‌ವರ್ಡನ್ನು ಎ4 ಹಾಳೆಯಲ್ಲಿ ಕನ್ನಡ, ಹಿಂದಿ ಎರಡರಲ್ಲೂ ಬರೆದು, ಲ್ಯಾಮಿನೇಟ್ ಮಾಡಿಸಿ, ಕಿಟಕಿಯ ಮೇಲೆ ಅಂಟಿಸಿದ್ದರು. ಡ್ರೈವರ್ ಹತ್ತು ನಿಮಿಷ ನಿಂತು ಹೊರಡುತ್ತಾನೆ; ಅವನ ಫೋನಿನ ಹೆಸರಿನಲ್ಲಿ ವಿಳಾಸ ಎಂಟು ದಿನ ಬುಕ್ ಆಗಿರುತ್ತದೆ. ಮುಖ ತೊಳೆದು ಹೋದವನಿಗಾಗಿ ಲಾಡ್ಜಿನವರು ವಾರವಿಡೀ ರೂಮು ಖಾಲಿ ಇಟ್ಟುಕೊಂಡಂತೆ. ದಿನಕ್ಕೆ ಐದೇ ಹೊಸ ಫೋನು ಬಂದರೂ ಎಂಟು ದಿನಕ್ಕೆ ನಲವತ್ತು.

ಇನ್ನೊಂದು ಮಾತು. ಲೀಸ್ ಪಟ್ಟಿಯಲ್ಲಿ ಕಾಣುವುದು ವಿಳಾಸ ಸಿಕ್ಕವರು ಮಾತ್ರ. ಬಾಗಿಲು ತಟ್ಟಿ ಹಿಂದಿರುಗಿದವರ ಲೆಕ್ಕ ಅದರಲ್ಲಿಲ್ಲ. 180 ಭರ್ತಿ ಎಂದರೆ ಬೇಡಿಕೆ 180 ಎಂದಲ್ಲ.

ಮಾಲೀಕರ ಎರಡು ಪ್ರಶ್ನೆಗಳು

ಮೊದಲನೆಯದು: "ಪ್ರಪಂಚದಲ್ಲೇ ಐಪಿ ಮುಗಿದಿದೆಯಂತಲ್ಲ, ನಾವು ಇನ್ನಷ್ಟು ಕೊಂಡುಕೊಳ್ಳಬೇಕಾ?" ಯಾವುದೋ ಮಾರಾಟ ಪ್ರತಿನಿಧಿ ಅವರ ತಲೆಗೆ ಇದನ್ನು ತುಂಬಿದ್ದ. ಜಾಗತಿಕ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾದದ್ದು ನಿಜ. ಆದರೆ ಅದು ಸಾರ್ವಜನಿಕ ವಿಳಾಸಗಳ ಮಾತು. ಕಚೇರಿಯೊಳಗಿನ ಖಾಸಗಿ ವಿಳಾಸಗಳಿಗೆ 1996ರಲ್ಲೇ ಮೂರು ದೊಡ್ಡ ಪಾಲುಗಳನ್ನು ಎತ್ತಿಟ್ಟಿದ್ದಾರೆ: 192.168ರಿಂದ ಶುರುವಾಗುವ 65,536, 172.16ರಿಂದ 172.31ರವರೆಗಿನ ಸುಮಾರು ಹತ್ತೂವರೆ ಲಕ್ಷ. 10ರಿಂದ ಶುರುವಾಗುವ ಸುಮಾರು 1.68 ಕೋಟಿ. ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ. ಕೊರತೆ ಇದ್ದದ್ದು ವಿಳಾಸಕ್ಕಲ್ಲ, ಇರುವುದನ್ನು ಹೇಗೆ ಹಂಚಿದ್ದರು ಎಂಬುದರಲ್ಲಿ.

ಎರಡನೆಯ ಪ್ರಶ್ನೆ ಕಠಿಣವಾಗಿತ್ತು. 20ನೇ ತಾರೀಖು ದಾಟುವವರೆಗೆ ದೊಡ್ಡದೇನೂ ಮಾಡಬಾರದು ಎಂದು ಒಪ್ಪಿಕೊಂಡು ತಾತ್ಕಾಲಿಕವಾಗಿ ಮೂರು ಚಿಕ್ಕ ಕೆಲಸ ಮಾಡಿದ್ದೆವು. ಲೀಸ್ ಎಂಟು ದಿನದಿಂದ ಎಂಟು ಗಂಟೆಗೆ ಇಳಿಸಿದೆವು. ಎರಡು ವೈಫೈ ಹೆಸರನ್ನು ಒಂದು ಮಾಡಿದೆವು. ಕ್ಯಾಮೆರಾಗಳು ಕೂತಿದ್ದ 222ರಿಂದ 230ರವರೆಗಿನ ವಿಳಾಸಗಳನ್ನು ಪೂಲಿನಿಂದ ಹೊರಗಿಟ್ಟೆವು. ಲೀಸ್ ಇಳಿಸಿದ ಪರಿಣಾಮ ಕೂಡಲೇ ಕಾಣುವುದಿಲ್ಲ. ಹೋಗಿಬಿಟ್ಟ ಡ್ರೈವರ್‌ಗಳ ಹಳೆಯ ಲೀಸ್ ತನ್ನ ಎಂಟು ದಿನ ಮುಗಿಸಿಯೇ ಬಿಡುವುದು. ಅವನ್ನು ಕೈಯಿಂದ ಅಳಿಸಬಹುದಿತ್ತು. ಆದರೆ ಅಳಿಸಿದ ಸಾಲಿನ ಯಂತ್ರ ಕಟ್ಟಡದೊಳಗೇ ಇದ್ದರೆ ಒಂದೇ ವಿಳಾಸ ಇಬ್ಬರ ಕೈಗೆ ಹೋಗುವ ಅಪಾಯ. ಕಾದೆವು. ಮುಂದಿನ ವಾರದ ಹೊತ್ತಿಗೆ ಪೂಲಿನಲ್ಲಿ ಉಸಿರಾಡುವಷ್ಟು ಜಾಗವಾಯಿತು, ದೂರು ನಿಂತಿತು.

ಆಗ ಮಾಲೀಕರು ಕೇಳಿದರು: "ಇಷ್ಟಕ್ಕೇ ಸರಿಹೋಯಿತಲ್ಲ. ಇನ್ನು ಯಾಕೆ ಖರ್ಚು?"

ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಎಷ್ಟೋ ಕಚೇರಿಗಳಲ್ಲಿ ನಿಲ್ಲಿಸುವುದೇ ಸರಿ. ಇಲ್ಲಿ ತಡೆದದ್ದು ಎರಡು ಸಂಗತಿ. ಒಂದು, ಗೋದಾಮಿಗೆ ಬಾರ್‌ಕೋಡ್ ಓದುವ ನಲವತ್ತು ಕೈಯಂತ್ರಗಳಿಗೆ ಆಗಲೇ ಆರ್ಡರ್ ಹೋಗಿತ್ತು, ಎಲ್ಲವೂ ವೈಫೈನವು. ಅವು ಬಂದ ದಿನ ಮತ್ತೆ ಅದೇ ಕಥೆ. ಇನ್ನೊಂದನ್ನು ಬಾಯಲ್ಲಿ ಹೇಳುವ ಬದಲು ತೋರಿಸಿದೆ. ಕಿಟಕಿಯ ಹಾಳೆಯಲ್ಲಿದ್ದ ಪಾಸ್‌ವರ್ಡ್ ಹಾಕಿಕೊಂಡು ನನ್ನ ಫೋನಿನಿಂದ ಕ್ಯಾಮೆರಾಗಳ ರೆಕಾರ್ಡರ್‌ನ ಲಾಗಿನ್ ಪುಟ ತೆರೆದೆ. ಅಕೌಂಟ್ಸ್ ಮೇಡಂ ಪಿಸಿಯಲ್ಲಿ ಟ್ಯಾಲಿ ಲೆಕ್ಕಪತ್ರ ತಂತ್ರಾಂಶದ ಡೇಟಾ ಇರುವ ಷೇರ್ ಫೋಲ್ಡರ್ ಕೂಡ ಫೋನಿನ ಪಟ್ಟಿಯಲ್ಲಿ ಕಂಡಿತು. ಯಾವ ಡ್ರೈವರ್‌ಗೂ ಇದು ಕಾಣುತ್ತದೆ. ಮಾಲೀಕರು ಮಾತು ಮುಂದುವರಿಸಲಿಲ್ಲ, ಅಂದಾಜು ಪಟ್ಟಿ ಕೇಳಿದರು.

ಯಾರು ಜಾಗ ಬಿಡಬೇಕು

ವಿಸ್ತರಣೆ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಹೊಸ ದೊಡ್ಡ ಜಾಲ ಕಟ್ಟಿ ಎಲ್ಲರನ್ನೂ ಅಲ್ಲಿಗೆ ಸಾಗಿಸುವುದು. ನಾವು ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡೆವು: ಯಾರನ್ನು ಸಾಗಿಸುವುದು ಕಷ್ಟ, ಯಾರನ್ನು ಸಾಗಿಸುವುದು ಪುಕ್ಕಟೆ? ಪ್ರಿಂಟರ್, ಬಯೋಮೆಟ್ರಿಕ್, ಕ್ಯಾಮೆರಾ, ಸರ್ವರ್ ಇವುಗಳ ವಿಳಾಸ ಎಲ್ಲೆಲ್ಲೋ ಬರೆದಿಟ್ಟಿರುತ್ತದೆ. ಸಂಬಳದ ತಂತ್ರಾಂಶದೊಳಗೆ, ಪ್ರತಿ ಪಿಸಿಯ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ, ಈಗ ಕೆಲಸ ಬಿಟ್ಟುಹೋದವರ ತಲೆಯಲ್ಲಿ. ಫೋನು, ಲ್ಯಾಪ್‌ಟಾಪ್‌ಗಳಿಗೆ ತಮ್ಮ ವಿಳಾಸವೇನೆಂಬ ಹಟವಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುತ್ತವೆ. ಹಾಗಾಗಿ 192.168.1.0/24 ಇದ್ದಂತೆಯೇ ಇರಲಿ, ಅದರಲ್ಲಿ ಒಂದಂಕಿಯೂ ಬದಲಾಗದಿರಲಿ. ವೈಫೈನಲ್ಲಿರುವವರು ಮಾತ್ರ ಹೊರಡಲಿ.

ತಂತಿಯವರನ್ನೂ ಮುಟ್ಟದಿರಲು ಇನ್ನೊಂದು ಕಾರಣವಿತ್ತು. ಮೇಜುಗಳ ಕೆಳಗೆ ಐದು ಪೋರ್ಟಿನ ಅಗ್ಗದ ಸ್ವಿಚ್‌ಗಳು ಬೇಕಾದಷ್ಟಿದ್ದವು. ಅಂಥ ಒಂದು ಸ್ವಿಚ್ಚಿಗೆ ಪ್ರಿಂಟರೂ ಎರಡು ಡೆಸ್ಕ್‌ಟಾಪೂ ಸಿಕ್ಕಿಸಿದ್ದರೆ ಅವನ್ನು ಬೇರೆ ಬೇರೆ ಜಾಲಕ್ಕೆ ಹಾಕಲು ಹೊಸ ಕೇಬಲ್ ಎಳೆಯಬೇಕು. ವೈಫೈ ಪೆಟ್ಟಿಗೆಗಳಾದರೋ ಬೆರಳೆಣಿಕೆಯಷ್ಟು, ಎಲ್ಲವೂ ಒಂದೇ ಕೇಬಲಿನಲ್ಲಿ ಹಲವು ವಿಲ್ಯಾನ್‌ಗಳನ್ನು ಹೊರಬಲ್ಲವು. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚು, ತಂತಿಗಳ ಮೇಲೆ ಬೇರೆ ಬೇರೆ ಜಾಲ ನಡೆಸುವ ಏರ್ಪಾಡು. ತಂತಿಯಲ್ಲಿ ಹೋಗುವ ಪ್ರತಿ ಫ್ರೇಮಿಗೂ (ಮಾಹಿತಿಯ ಕಟ್ಟು) ಯಾವ ಜಾಲದ್ದು ಎಂಬ ನಾಲ್ಕು ಬೈಟಿನ ಟ್ಯಾಗ್ ಅಂಟಿಸುತ್ತಾರೆ.

ಹೊಸ ಜಾಲಗಳಿಗೆ 10.24ರ ಸರಣಿ ತೆಗೆದುಕೊಂಡೆವು. 192.168ರಲ್ಲೇ ಜಾಗವಿತ್ತು, ಆದರೆ ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೇಲೆ ಕಚೇರಿಯ ಜಾಲಕ್ಕೆ ಬರುವ ಸುರಕ್ಷಿತ ದಾರಿ) ಮೂಲಕ ಕೆಲಸ ಮಾಡುವವರ ಮನೆಯ ರೂಟರ್‌ಗಳು ಬಹುತೇಕ 192.168.0 ಅಥವಾ 192.168.1ರವೇ; ಎರಡೂ ಕಡೆ ಒಂದೇ ಅಂಕಿ ಇದ್ದರೆ ದಾರಿ ತಪ್ಪುತ್ತದೆ. ಸಿಬ್ಬಂದಿಯ ಲ್ಯಾಪ್‌ಟಾಪ್, ಫೋನಿಗೆ ವಿಲ್ಯಾನ್ 20, 10.24.20.0/23. ಬಾರ್‌ಕೋಡ್ ಯಂತ್ರಗಳಿಗೆ ವಿಲ್ಯಾನ್ 24, 10.24.24.0/24. ಡ್ರೈವರ್ ಮತ್ತು ಅತಿಥಿಗಳಿಗೆ ವಿಲ್ಯಾನ್ 32, 10.24.32.0/22, ಅಂದರೆ 1,022 ವಿಳಾಸ, ಲೀಸ್ ಒಂದು ಗಂಟೆ. ಅತಿಥಿಗಳದಕ್ಕೆ ಮೊದಲು 30 ಎಂದು ಬರೆದಿದ್ದ ಐಟಿ ಯುವಕ ತಾನೇ ಅದನ್ನು ಹೊಡೆದು 32 ಮಾಡಿದ. /22ಕ್ಕೆ ಮೂರನೇ ಅಂಕಿ ನಾಲ್ಕರ ಮಗ್ಗಿಯಲ್ಲಿ ಬರಬೇಕು. ನಡುನಡುವೆ ಬಿಟ್ಟ ಜಾಗ ಮುಂದೆ ಹಿಗ್ಗಲು.

ಸಿಬ್ಬಂದಿ ಮತ್ತು ಬಾರ್‌ಕೋಡ್ ಯಂತ್ರಗಳ ಡಿಎಚ್‌ಸಿಪಿ ಕೋರಿಕೆ ಫೈರ್‌ವಾಲ್ ಮೂಲಕ ಹಳೆಯ ವಿಂಡೋಸ್ ಸರ್ವರಿಗೇ ರಿಲೇ ಆಗುತ್ತದೆ. ಅತಿಥಿಗಳಿಗೆ ಮಾತ್ರ ಫೈರ್‌ವಾಲೇ ವಿಳಾಸ ಕೊಡುತ್ತದೆ, ಅವರ ಒಂದು ಪ್ಯಾಕೆಟ್ಟೂ ಸರ್ವರ್ ಮುಟ್ಟಬಾರದೆಂದು. ಅತಿಥಿಗಳಿಗೆ ಇಂಟರ್ನೆಟ್ ಬಿಟ್ಟು ಬೇರೆಲ್ಲೂ ದಾರಿಯಿಲ್ಲ. ಸಿಬ್ಬಂದಿ ಜಾಲದಿಂದ ಹಳೆಯ ಜಾಲಕ್ಕೆ ಆರಂಭದಲ್ಲಿ ಎಲ್ಲವನ್ನೂ ಬಿಟ್ಟು, ಲಾಗ್ ನೋಡಿಕೊಂಡು ಆಮೇಲೆ ಬಿಗಿ ಮಾಡುವುದೆಂದು ತೀರ್ಮಾನ. ಮೊದಲ ದಿನವೇ ಬಿಗಿ ಮಾಡಿದರೆ ಯಾವುದು ಮುರಿದದ್ದು ನಿಯಮದಿಂದ, ಯಾವುದು ಸಾಗಣೆಯಿಂದ ಎಂದು ತಿಳಿಯುವುದಿಲ್ಲ.

ಸಾಗಿಸಿದ ಮೇಲೆ

ಕೆಲಸ 20 ದಾಟಿದ ವಾರದಲ್ಲಿ ಶುರುವಾಯಿತು. ಈ ಸಲ ಮೇಲ್ಮಹಡಿಯ ಒಂದೇ ವೈಫೈ ಪೆಟ್ಟಿಗೆ ಮೊದಲು, ಅದೂ ಕೆಲಸದ ವೇಳೆಯಲ್ಲೇ, ಜನ ನಿಜವಾಗಿ ಏನೇನು ಬಳಸುತ್ತಾರೆಂದು ಕಾಣಲಿ ಎಂದು. ಶನಿವಾರ ಸಂಜೆಯ ಖಾಲಿ ಕಚೇರಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಗೋದಾಮಿನ ಪೆಟ್ಟಿಗೆಗೆ ಹೋಗುವ ದಾರಿಯಲ್ಲಿ ಒಂದು ಅಗ್ಗದ ಸ್ವಿಚ್ ಇತ್ತು. ಟ್ಯಾಗ್ ಇರುವ ಫ್ರೇಮ್ ದಾಟಿಸುತ್ತದೋ ಇಲ್ಲವೋ ಎಂಬುದು ಅಂಥ ಸ್ವಿಚ್‌ಗಳ ಮರ್ಜಿ. ಪರೀಕ್ಷಿಸುತ್ತಾ ಕೂರದೆ ಬದಲಿಸಿದೆವು. ಇಡೀ ಯೋಜನೆಗೆ ಕೊಂಡ ಯಂತ್ರ ಇದೊಂದೇ.

ಮುರಿದವು ಮೂರು. ಮಾಲೀಕರ ಫೋನಿನಿಂದ ಪ್ರಿಂಟ್ ಮತ್ತು ಮೀಟಿಂಗ್ ಕೋಣೆಯ ಟಿವಿಗೆ ಪರದೆ ಹಂಚುವುದು ನಿಂತವು. ಫೋನು ಪ್ರಿಂಟರ್ ಹುಡುಕುವುದು 224.0.0.251 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಕೂಗು ಹಾಕಿ, ಆ ಕೂಗು ರೂಟರ್ ದಾಟುವುದಿಲ್ಲ. ಫೈರ್‌ವಾಲಿನಲ್ಲಿ ಅದನ್ನು ಆಚೆಗೂ ದಾಟಿಸುವ ಸೌಲಭ್ಯವಿತ್ತು, ಸಿಬ್ಬಂದಿ ಜಾಲಕ್ಕೆ ಮಾತ್ರ ತೆರೆದೆವು.

ಟ್ಯಾಲಿಯದು ಹೆಚ್ಚು ಹೊತ್ತು ತಿಂದಿತು. ವೈಫೈ ಲ್ಯಾಪ್‌ಟಾಪ್‌ಗಳಿಂದ ಮೇಡಂ ಪಿಸಿಯ ಷೇರ್ ಫೋಲ್ಡರ್ ತೆರೆಯಲಿಲ್ಲ. ನಮ್ಮ ಫೈರ್‌ವಾಲ್ ಲಾಗಿನಲ್ಲಿ ಪ್ಯಾಕೆಟ್ ಹೋಗುವುದು ಕಾಣುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ತಡೆಯುತ್ತಿದ್ದದ್ದು ಆ ಪಿಸಿಯದೇ ವಿಂಡೋಸ್ ಫೈರ್‌ವಾಲ್: ಫೈಲ್ ಹಂಚಿಕೆಯ ನಿಯಮ ಅಲ್ಲಿ "ಲೋಕಲ್ ಸಬ್‌ನೆಟ್"ಗೆ ಸೀಮಿತವಾಗಿರುತ್ತದೆ. ನಿನ್ನೆಯವರೆಗೆ ಅದೇ ಜಾಲದಲ್ಲಿದ್ದ ಲ್ಯಾಪ್‌ಟಾಪ್‌ಗಳು ಇವತ್ತು ಅದಕ್ಕೆ ಪರಕೀಯ. "ಫೈರ್‌ವಾಲ್ ಆಫ್ ಮಾಡಿಬಿಡೋಣ ಸಾರ್" ಎಂಬ ಸಲಹೆ ಬಂತು, ಸದಾ ಬರುತ್ತದೆ. ನಿಯಮದ ವ್ಯಾಪ್ತಿಗೆ 10.24.20.0/23 ಸೇರಿಸಿದೆವು, ಅಷ್ಟೇ ಸಾಕಿತ್ತು. ಜೊತೆಗೆ ಫೋಲ್ಡರನ್ನು ಪಿಸಿ ಹೆಸರಿನ ಬದಲು ಐಪಿಯಿಂದ ಮ್ಯಾಪ್ ಮಾಡಿಕೊಟ್ಟೆವು. ಟ್ಯಾಲಿ ದಿನವಿಡೀ ಬಳಸುವವರು ತಂತಿ ಹಾಕಿಕೊಂಡೇ ಕೂರುವುದು ಒಳ್ಳೆಯದು ಎಂದೂ ಹೇಳಿದೆವು.

ಮೂರನೆಯದು ಮನುಷ್ಯರದು. ಅಕೌಂಟ್ಸ್‌ನವರು ತಮ್ಮ ರೂಟರ್ ಬಿಟ್ಟುಕೊಡಲು ಒಪ್ಪಲಿಲ್ಲ. ಅವರಿಗೆ ಕಷ್ಟಕಾಲದಲ್ಲಿ ಆದದ್ದು ಅದೇ. ವಾದ ಮಾಡುವುದರಲ್ಲಿ ಅರ್ಥವಿರಲಿಲ್ಲ. ಐಟಿ ಯುವಕ ಜೆರಾಕ್ಸ್ ಯಂತ್ರದ ಮುಂದೆ ನಿಂತು, ರೂಟರ್ ಕಳಚಿದ ಒಂದು ಲ್ಯಾಪ್‌ಟಾಪ್‌ಗೆ ಒಂದು ಬಿಲ್ ಸ್ಕ್ಯಾನ್ ಮಾಡಿ ನೇರ ಫೋಲ್ಡರಿಗೆ ಬೀಳುವುದನ್ನು ತೋರಿಸಿದ. ಪೆನ್‌ಡ್ರೈವ್ ಓಡಾಟ ತಪ್ಪುತ್ತದೆ ಎಂದು ಕಂಡಾಗ ಮೇಡಂ ತಾವೇ ಅದರ ಪ್ಲಗ್ ಕಿತ್ತರು.

ಈಗಿನ ಸ್ಥಿತಿ

ಹಳೆಯ ಪೂಲಿನಲ್ಲಿ ಈಗ ಐವತ್ತು ಚಿಲ್ಲರೆ ಲೀಸ್‌ಗಳು, ಎಲ್ಲವೂ ತಂತಿಯವು. ಬಾರ್‌ಕೋಡ್ ಯಂತ್ರಗಳು ಬಂದು ತಮ್ಮ ಜಾಲದಲ್ಲಿ ಕೂತವು, ಅವಕ್ಕೆ ಗೋದಾಮಿನ ಸರ್ವರಿನ ಒಂದೇ ಪೋರ್ಟಿಗೆ (ಒಂದು ಸೇವೆಯ ಬಾಗಿಲಿಗೆ) ಪ್ರವೇಶ. ಕಿಟಕಿಯ ಹಾಳೆ ಅಲ್ಲೇ ಇದೆ, ಅದರಲ್ಲಿರುವುದು ಅತಿಥಿ ವೈಫೈ ಪಾಸ್‌ವರ್ಡ್. ತಂತಿಯವರ ಲೀಸನ್ನು ಎಂಟು ಗಂಟೆಯಿಂದ ಮತ್ತೆ ಎರಡು ದಿನಕ್ಕೆ ಏರಿಸಿದ್ದೇವೆ. ಸರ್ವರ್ ಅರ್ಧ ದಿನ ಕೆಟ್ಟು ಕೂತರೂ ಕಚೇರಿ ನಡೆಯಬೇಕು. ಪೂಲ್ ಎಂಬತ್ತು ಶೇಕಡಾ ತುಂಬಿದರೆ ಸರ್ವರ್ ಬರೆಯುವ 1020ನೇ ಎಚ್ಚರಿಕೆಯನ್ನು ಐಟಿ ಯುವಕನ ಮೇಲ್‌ಗೆ ಬರುವಂತೆ ಮಾಡಿದೆ.

ಬಗೆಹರಿಯದ್ದೂ ಉಂಟು. ಹಳೆಯ ಜಾಲ 192.168.1ರಲ್ಲೇ ಉಳಿದಿರುವುದರಿಂದ ಅದೇ ಅಂಕಿಯ ರೂಟರ್ ಮನೆಯಲ್ಲಿರುವವರಿಗೆ ವಿಪಿಎನ್ ಮೂಲಕ ಟ್ಯಾಲಿ ಸಿಗುವುದಿಲ್ಲ. ಅಂಥವರ ಮನೆಯ ರೂಟರನ್ನು 192.168.57ಕ್ಕೆ ಬದಲಿಸಿಕೊಡುತ್ತಿದ್ದಾರೆ, ಒಬ್ಬೊಬ್ಬರಾಗಿ. ಕ್ಯಾಮೆರಾಗಳನ್ನು 10.24.40.0/24ಕ್ಕೆ ಕಳಿಸಬೇಕು ಎಂಬುದು ಯೋಜನೆಯಲ್ಲಿದೆ, ಆದರೆ ಒಂದೊಂದು ಕ್ಯಾಮೆರಾವನ್ನೂ ರೆಕಾರ್ಡರಿಗೆ ಮತ್ತೆ ಸೇರಿಸಲು ಕ್ಯಾಮೆರಾದವರು ಪ್ರತ್ಯೇಕ ದರ ಕೇಳುತ್ತಿದ್ದಾರೆ. ವಾರ್ಷಿಕ ನಿರ್ವಹಣೆ ಒಪ್ಪಂದ ನವೀಕರಣದ ಹೊತ್ತಿಗೆ ಅದನ್ನೂ ಅದರಲ್ಲೇ ಸೇರಿಸಿ ಎಂದು ಮಾಲೀಕರು ಚೌಕಾಸಿ ನಡೆಸಿದ್ದಾರೆ. ಅಲ್ಲಿಯವರೆಗೆ 222ರಿಂದ 254 ಅವುಗಳದೇ.